ತೊರೆಯಾಚೆಯ ನೆಲ

ತನಗೆ ಪದಕ ಕೊಡುವ ಸಮಾರಂಭ, ತಾನು ಹಿಂದೆ ಕಾದಾಡಿದ್ದ ಗಡಿಯಂಚಿನ ಊರಿನ ಶಾಲೆಯಲ್ಲೇ ನಡೆಯುತ್ತದೆಂದು ತಿಳಿದಾಗ ಬಡಗಿಗೆ ಹೋಗುವ ಮನಸ್ಸಾಗಲಿಲ್ಲ. ಸೈನ್ಯ ಬಿಟ್ಟ ಮೇಲೆ ಬಾಗಿಲು, ಕಿಟಕಿ ಮಾಡಿಕೊಂಡು ಬದುಕಿದವನು ಅವನು. ಯುದ್ಧದ ಮಾತನ್ನು ಮನೆಯಲ್ಲಿ ಎತ್ತಿದವನೇ ಅಲ್ಲ. ನರ್ಸ್ ಆಗಿದ್ದ ಮಗಳು ಹಟ ಹಿಡಿದಳು.

"ಇಷ್ಟು ವರ್ಷ ಆದ್ಮೇಲಾದ್ರೂ ನೆನಪಿಸ್ಕೊಂಡಿದಾರಲ್ಲಪ್ಪ. ಸುಮ್ನೆ ಹೊರಡಿ. ನಾನೂ ಬರ್ತೀನಿ."

ಶಾಲೆಯ ಅಂಗಳದಲ್ಲಿ ಹಳೆಯ ತುಕಡಿಯ ಇಬ್ಬರು ಕಾಯುತ್ತಿದ್ದರು. ಗಡ್ಡ ಎಂದು ಕರೆಸಿಕೊಳ್ಳುತ್ತಿದ್ದವನ ಮುಖದಲ್ಲಿ ಈಗ ಒಂದು ಕೂದಲೂ ಇರಲಿಲ್ಲ. ಒಂಟೆ ಎಂಬ ಅಡ್ಡಹೆಸರಿನ ಉದ್ದನೆಯ ಆಸಾಮಿ ಬಾಗಿ ಬಾಗಿ ಬಡಗಿಯ ಹೆಗಲ ಮಟ್ಟಕ್ಕೆ ಬಂದಿದ್ದ.

"ಏನೋ ಒಂಟೆ, ಸವೆದೇ ಹೋಗಿದೀಯಲ್ಲೋ!" ಎಂದ ಬಡಗಿ.

"ನೀನೇನು ಬೆಳೆದಿದೀಯಾ, ಹೊಟ್ಟೆ ಒಂದು ಬಿಟ್ರೆ?"

ಮೂವರೂ ತಬ್ಬಿಕೊಂಡು ನಕ್ಕರು. ನಗುನಗುತ್ತಲೇ ಗಡ್ಡನ ಕಣ್ಣು ತುಂಬಿತು.

ಹಿಂದೆ ಯುದ್ಧದಲ್ಲಿ, ಮೇಲೆ ಗುಂಡುಗಳು ಹಾರುತ್ತಿದ್ದಾಗ, ಈ ಮೂವರು ತಮ್ಮ ಕ್ಯಾಪ್ಟನ್ ಜೊತೆ ತೊರೆಯಾಚೆಯ ನೆಲದಲ್ಲಿ ತೆವಳಿಕೊಂಡು ನೆಲಬಾಂಬುಗಳನ್ನು ಹೂತಿದ್ದರು. ಶತ್ರುಗಳಿಗೆ ತೊರೆ ದಾಟಲಾಗಲಿಲ್ಲ. ಊರು ಉಳಿಯಿತು. ಎಲ್ಲಿ ಹೂತಿದ್ದರೆಂದು ಸರಿಯಾಗಿ ಬಲ್ಲ ಕ್ಯಾಪ್ಟನ್ ಮಾತ್ರ ಉಳಿಯಲಿಲ್ಲ. ಆಮೇಲೆ ಬೇರೆ ತುಕಡಿಯವರು ಬಂದು ಎಲ್ಲವನ್ನೂ ತೆಗೆದರೆಂದೇ ಇವರು ನಂಬಿದ್ದರು.

ಚಹಾ ತಂದ ಹೆಂಗಸು ಒಂದು ಕಾಲನ್ನು ಎಳೆದು ಹಾಕುತ್ತಿದ್ದಳು. ಮಗಳ ಕಣ್ಣಿಗೆ ಅದು ತಕ್ಷಣ ಬಿತ್ತು.

"ಅಕ್ಕಾ, ಕೃತಕ ಕಾಲಾ? ಉಜ್ಜುತ್ತಾ?"

"ಹಳೇದಾಯ್ತಲ್ಲ, ಕಚ್ಚುತ್ತೆ." ಅವಳು ಒಡೆದ ಮಡಕೆಯ ಸುದ್ದಿ ಹೇಳುವಷ್ಟು ಸಲೀಸಾಗಿ ಹೇಳಿದಳು. "ತೊರೆ ಆಚೆ ಸೌದೆಗೆ ಹೋಗಿದ್ದೆ, ಬಾಂಬ್ ಮೇಲೆ ಕಾಲಿಟ್ಟೆ. ಯುದ್ಧ ಮುಗಿದು ಯಾವ ಕಾಲ ಆಗಿತ್ತೋ! ಎಲ್ಲಾ ತೆಗೆದಿದೀವಿ ಅಂತ ಬೋರ್ಡ್ ಬೇರೆ ಹಾಕಿದ್ರು. ಹೋದ ವರ್ಷ ಅಲ್ಲೇ ನನ್ನ ಮೈದುನನ ಕರು ಸತ್ತೋಯ್ತು."

ಬಡಗಿ ಲೋಟವನ್ನು ಕೆಳಗಿಟ್ಟ. "ಅದನ್ನ ಇಟ್ಟಿದ್ದು ನಾವೇ ತಾಯಿ" ಎಂದ.

ಅವಳು ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿದಳು. ಬೈಯುತ್ತಾಳೆಂದುಕೊಂಡು ಬಡಗಿ ತಲೆ ತಗ್ಗಿಸಿದ.

"ಹಾಗಾದ್ರೆ ಎಲ್ಲೆಲ್ಲಿ ಇಟ್ಟಿದೀರಾ ಹೇಳಿ" ಎಂದಳು. "ನನ್ನ ಮಗಳು ದಿನಾ ಆಡು ಹೊಡ್ಕೊಂಡು ಅಲ್ಲಿಗೇ ಹೋಗ್ತಾಳೆ."

"ದೊಡ್ಡ ಬಂಡೆಯಿಂದ ಎಡಕ್ಕೆ" ಎಂದ ಗಡ್ಡ.

"ಏ, ಬಂಡೆ ಹತ್ರ ನಾವು ಹೋಗೇ ಇಲ್ಲ. ಮರದಿಂದ ಶುರು ಮಾಡಿದ್ವಿ" ಎಂದ ಒಂಟೆ.

"ಯಾವ ಮರ? ಅಲ್ಲೆಲ್ಲೂ ಮರಾನೇ ಇಲ್ವಲ್ಲ" ಎಂದಳು ಹೆಂಗಸು.

ಇಬ್ಬರೂ ಬಡಗಿಯ ಮುಖ ನೋಡಿದರು. ಅವನಿಗೆ ನೆನಪಿದ್ದದ್ದು ಕತ್ತಲೆ, ಕೆಸರು ಮತ್ತು ಕ್ಯಾಪ್ಟನ್‌ನ ಉಸಿರಾಟದ ಸದ್ದು, ಅಷ್ಟೇ.

ಅವನು ಎದ್ದು ಹೋಗಿ ವೇದಿಕೆಯ ಪಕ್ಕದಲ್ಲಿದ್ದ ಮೇಜರ್‌ಗೆ ವಿಷಯ ಹೇಳಿದ. ಮೇಜರ್ ಅವನ ಬೆನ್ನು ತಟ್ಟಿ, "ಯಜಮಾನ್ರೇ, ಇವತ್ತು ನಿಮ್ಮ ದಿನ. ಇದೆಲ್ಲ ಆಮೇಲೆ ನೋಡೋಣ" ಎಂದು ಕುರ್ಚಿಯವರೆಗೂ ಬಿಟ್ಟುಹೋದ.

ಬಡಗಿಯ ಸರದಿ ಬಂತು. ಅತಿಥಿಗಳು ಅವನ ಎದೆಗೆ ಪದಕ ಚುಚ್ಚಿ, "ಈ ಊರನ್ನು ಉಳಿಸಿದ ಪುಣ್ಯಾತ್ಮರು" ಎಂದರು. ಚಪ್ಪಾಳೆ ನಿಲ್ಲುವ ಮುನ್ನವೇ ಅವನು ಮೈಕಿನ ಮುಂದೆ ನಿಂತ.

"ತೊರೆ ಆಚೆ ನಾವಿಟ್ಟ ಬಾಂಬ್ ಇನ್ನೂ ಇವೆ. ಯಾರೂ ಹೋಗ್ಬೇಡಿ. ತೆಗೆಯೋ ತನಕ ನಾನು ಇಲ್ಲಿಂದ ಕದಲಲ್ಲ."

ಮೈಕು ಬಂದ್ ಆಯಿತು. ಯಾರೋ ನಕ್ಕರು. ಮುಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ ಮಗುವನ್ನು ಮಡಿಲಿಗೆ ಎಳೆದುಕೊಂಡಳು.

ಮೂವರೂ ಶಾಲೆಯ ಕುರ್ಚಿ ಹೊತ್ತುಕೊಂಡು ಹೋಗಿ ತೊರೆಯ ಕಾಲುಸೇತುವೆಗೆ ಅಡ್ಡಲಾಗಿ ಕುಳಿತರು. "ಸಕ್ಕರೆ ಕಾಯಿಲೆ ಮಾತ್ರೆ ಎರಡೇ ದಿನಕ್ಕೆ ತಂದಿರೋದು, ತಲೆ ಕೆಟ್ಟಿದೆಯಾ ನಿಮಗೆ?" ಎಂದು ಕೂಗಾಡಿದ ಮಗಳು, ಸ್ವಲ್ಪ ಹೊತ್ತಿನ ಮೇಲೆ ಆಸ್ಪತ್ರೆಗೆ ಫೋನ್ ಮಾಡಿ ರಜೆ ಕೇಳಿದಳು. ಊರವರಲ್ಲಿ ಕೆಲವರು ಊಟ ತಂದರು. ಕೆಲವರು ದೂರದಿಂದಲೇ ಉಗಿದು ಹೋದರು. ಪತ್ರಿಕೆಯವರು ಫೋಟೊ ತೆಗೆದುಕೊಂಡು ಹೋದ ಮೇಲೆ ಸೈನ್ಯದ ತಂಡ ಯಂತ್ರಗಳೊಂದಿಗೆ ಬಂತು.

ಬಂಡೆಯ ಹತ್ತಿರ ಏನೂ ಸಿಗಲಿಲ್ಲ. ತೊರೆಯ ತಿರುವಿನಲ್ಲಿ, ಯಾರೂ ಊಹಿಸದ ಕಡೆ, ಕೆಲವು ಸಿಕ್ಕವು. ಒಂದೊಂದನ್ನು ಸಿಡಿಸಿದಾಗಲೂ ಒಂಟೆ ಕಿವಿ ಮುಚ್ಚಿಕೊಂಡು ಮಗುವಿನಂತೆ ಮುದುಡಿದ. ಇನ್ನುಳಿದವು ಇಷ್ಟು ವರ್ಷಗಳ ಪ್ರವಾಹಕ್ಕೆ ಕೊಚ್ಚಿಕೊಂಡು ಎಲ್ಲಿ ಹೋದವೋ ಹೇಳಲಾಗದು ಎಂದು ತಂಡದವರು ಹೊರಟರು. ಗಡ್ಡನೂ ಒಂಟೆಯೂ ಅವರ ಲಾರಿಯಲ್ಲೇ ಊರಿಗೆ ಹೋದರು.

ಬಡಗಿ ಶಾಲೆಯ ಮುರಿದ ಬೆಂಚುಗಳನ್ನು ಕೇಳಿ ಪಡೆದು, ಸೇತುವೆಯ ಆಚೆ ತುದಿಗೆ ಒಂದು ಗೇಟು ಮಾಡಿ ನಿಲ್ಲಿಸಿದ. ಚಹಾದ ಹೆಂಗಸು ಮಗಳನ್ನು ಕರೆದುಕೊಂಡು ನೋಡಲು ಬಂದಳು.

"ಎಲ್ಲಾ ಸಿಕ್ಕಿಲ್ಲ ತಾಯಿ" ಎಂದ.

"ಗೊತ್ತು." ಅವಳು ಗೇಟನ್ನು ಅಲುಗಾಡಿಸಿ ನೋಡಿದಳು. "ಗಟ್ಟಿ ಇದೆ. ಆದ್ರೆ ಆಡು ಇದನ್ನ ಹಾರುತ್ತೆ. ಅದರ ಹಿಂದೆ ಇವಳೂ ಹಾರ್ತಾಳೆ."

ಬಸ್ಸಿಗೆ ಹೊತ್ತಾಗುತ್ತಿದೆ ಎಂದು ಬಡಗಿಯನ್ನು ಅವನ ಮಗಳು ಕರೆಯುತ್ತಿದ್ದಳು. ಬಡಗಿ ಗೇಟಿನ ಎತ್ತರವನ್ನು ಕಣ್ಣಲ್ಲೇ ಅಳೆದು, ಇನ್ನೊಂದು ಹಲಗೆಗಾಗಿ ಶಾಲೆಯ ಕಡೆ ನಡೆದ.