ಸಭಿಕರ ಮೈಕು

ಕಾದ ಧೂಳಿನ ವಾಸನೆ. ಅಪ್ಪ ಬಾಡಿಗೆಗೆ ಕೊಡುತ್ತಿದ್ದ ಧ್ವನಿವರ್ಧಕದ ಪೆಟ್ಟಿಗೆಯ ಹಿಂದೆ ಮೂಗಿಟ್ಟರೆ ಈ ವಾಸನೆಯೇ ಬರುತ್ತಿತ್ತು. ಎಂಟು ವರ್ಷದವಳಿದ್ದಾಗ ಅವಳು ಅದನ್ನು ಮಾತಿನದೇ ವಾಸನೆ ಎಂದುಕೊಂಡಿದ್ದಳು. ಈಗ ವಿಶ್ವವಿದ್ಯಾಲಯದ ಸಭಾಂಗಣದ ಹಿಂಬದಿಯ ಗಾಜಿನ ಕೋಣೆಯಲ್ಲಿ ಯಂತ್ರ ಬಿಸಿಯಾದಂತೆ ಅದು ಮತ್ತೆ ಎದ್ದಿತ್ತು. ಕೆಳಗೆ ವೇದಿಕೆಯಲ್ಲಿ ಸ್ವಾಗತ ಭಾಷಣ ಇಪ್ಪತ್ತೈದನೇ ನಿಮಿಷಕ್ಕೆ ಕಾಲಿಟ್ಟಿತ್ತು.

ಇಪ್ಪತ್ತೆರಡು ವರ್ಷಗಳಿಂದ ಎಲ್ಲರಿಗೂ ಅವಳು ಮೈಕಕ್ಕ. ವಿದ್ಯಾರ್ಥಿಗಳಿಗಾಗಿ ನಡೆಯುವ ಉಪನ್ಯಾಸ, ವಿಚಾರಗೋಷ್ಠಿ ಯಾವುದೂ ಅವಳ ಬೆರಳು ತಾಗದೆ ನಡೆದದ್ದಿಲ್ಲ. ಇಂದಿನದು ಬಣ್ಣದ ಕಾರ್ಖಾನೆಯೊಂದರ ಪ್ರಾಯೋಜಕತ್ವದ, ಎರಡು ಗೋಷ್ಠಿಗಳ ಉಪನ್ಯಾಸ. ವಿಭಾಗದ ಮುಖ್ಯಸ್ಥರು ಕಾರ್ಖಾನೆಯ ಧಣಿಯನ್ನು ಹೊಗಳುತ್ತ ಮೈಕಿಗೆ ಎಷ್ಟು ಅಂಟಿಕೊಂಡಿದ್ದರೆಂದರೆ ಅವರು ಎಂಜಲು ನುಂಗುವ ಸದ್ದೂ ಹಿಂದಿನ ಸಾಲಿನವರೆಗೆ ಕೇಳುತ್ತಿತ್ತು. ವಿದ್ಯಾರ್ಥಿಗಳು ಎದ್ದು ಹೋಗದಂತೆ ಬಾಗಿಲು ಹಾಕಿಸಿ, ಹಾಜರಿ ಪಟ್ಟಿಯನ್ನು ಕೊನೆಗೆ ಕೊಡುವುದಾಗಿ ಹೇಳಿದ್ದರು.

ಕಚೇರಿಯ ಗುಮಾಸ್ತ ನೀರಿನ ಬಾಟಲಿ ಇಡಲು ಬಂದವನು ಕಣ್ಣು ಮಿಟುಕಿಸಿದ. "ಏನ್ ಮೈಕಕ್ಕ, ಇವತ್ತು ಯಾರ ಕತ್ತು ಹಿಸುಕೋ ಕಾರ್ಯಕ್ರಮ?"

"ನಿನ್ನದೇ ಮೊದಲು. ಬಾಗಿಲು ಹಾಕ್ಕೊಂಡು ಹೋಗು."

ಇಬ್ಬರೂ ನಕ್ಕರು. ಆದರೆ ಅವನು ಹೇಳಿದ್ದು ಬರಿಯ ತಮಾಷೆಯಲ್ಲ. ಮುಖ್ಯಸ್ಥರು ಕನ್ನಡಕ ತೆಗೆದು ಒರೆಸತೊಡಗಿದರೆ ಅವಳು ಸಭಿಕರ ಮೈಕಿನ ದನಿ ಇಳಿಸಬೇಕು. ಥಟ್ಟನೆ ಆರಿಸಿದರೆ ಜನ ಮೈಕನ್ನು ಬೈಯುತ್ತಾರೆ, ಬೇರೆ ಮೈಕು ತರಿಸುತ್ತಾರೆ. ಕೂದಲೆಳೆಯಷ್ಟೇ ಇಳಿಸುತ್ತ ಹೋದರೆ ಮಾತಾಡುವವರಿಗೆ ತಮ್ಮ ಗಂಟಲೇ ಕೈಕೊಟ್ಟಿತು ಅನ್ನಿಸುತ್ತದೆ. ಕೆಮ್ಮುತ್ತಾರೆ, ತಡವರಿಸುತ್ತಾರೆ, ಪಕ್ಕದವರು ಕಿಸಕ್ಕೆಂದಾಗ ಕೂತುಬಿಡುತ್ತಾರೆ. ಈ ಉಪಾಯ ಅವಳದೇ. "ನಿಮ್ಮ ಕೈ ಬಹಳ ನಾಜೂಕು" ಎಂದು ಮುಖ್ಯಸ್ಥರು ಒಮ್ಮೆ ಮೆಚ್ಚಿಕೊಂಡಿದ್ದಾಗ ಅವಳು ಹಿಗ್ಗಿದ್ದೂ ಉಂಟು.

ಅತಿಥಿ ವಿಜ್ಞಾನಿ ಪರದೆಯ ಮೇಲೆ ಒಂದು ಪಟ್ಟಿ ತೋರಿಸಿದರು. ಕಾರ್ಖಾನೆಯ ಸುತ್ತಲಿನ ನಲವತ್ತು ಬಾವಿಗಳಲ್ಲಿ ಒಂದರ ನೀರೂ ಕೆಟ್ಟಿಲ್ಲ, ಈ ಅಂಕಿಗಳು ಇದೇ ವಿಭಾಗದವು ಎಂದರು. ಚಪ್ಪಾಳೆ ಬಿತ್ತು. ಪ್ರಶ್ನೆಗಳಿಗೆ ಅವಕಾಶ ಕೊಟ್ಟ ಕೂಡಲೇ ಐದನೇ ಸಾಲಿನ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಎದ್ದು ನಿಂತಳು.

"ಸರ್, ಆ ಬಾವಿಗಳಿಂದ ನೀರು ತಂದು ಪರೀಕ್ಷೆ ಮಾಡಿದ್ದು ನಾನು. ನನ್ನ ದಾಖಲೆ ಪುಸ್ತಕದಲ್ಲಿ..."

ಮುಖ್ಯಸ್ಥರು ಕನ್ನಡಕ ತೆಗೆದರು. ಮೈಕಕ್ಕನ ಬೆರಳು ತಾನಾಗಿ ದನಿಯ ಗುಂಡಿಯನ್ನು ಕೆಳಗೆ ಜಾರಿಸಿತು. ಹುಡುಗಿ ಗಂಟಲು ಸರಿಮಾಡಿಕೊಂಡಳು. ಮತ್ತೊಮ್ಮೆ ಸರಿಮಾಡಿಕೊಂಡಳು. ಯಾರೋ ನಕ್ಕರು. ಅವಳು ಕೆಂಪಾಗಿ ಕುಳಿತಳು.

ಚಹಾದ ವಿರಾಮದಲ್ಲಿ ಅದೇ ಹುಡುಗಿ ಮೈಕು ಹಿಡಿದುಕೊಂಡು ಗಾಜಿನ ಕೋಣೆಗೆ ಬಂದಳು.

"ಅಕ್ಕ, ಬೇಜಾರು ಮಾಡ್ಕೋಬೇಡಿ. ಇದರ ಮೇಲೆ ಕೆಮ್ಮಿಬಿಟ್ಟೆ. ಒರೆಸಿದ್ದೀನಿ." ಅವಳ ಕೈಯಲ್ಲಿ ಒದ್ದೆ ಕರವಸ್ತ್ರವಿತ್ತು. "ಚಿಕ್ಕಂದಿನಿಂದ ನನ್ನದು ಇದೇ ಕಥೆ. ಜನ ಕಂಡರೆ ಗಂಟಲು ಕಟ್ಟುತ್ತೆ. ಒಂದು ವಾರ ಕನ್ನಡಿ ಮುಂದೆ ನಿಂತು ಹೇಳ್ಕೊಂಡಿದ್ದೆ, ಆದರೂ ನೋಡಿ."

ಇಷ್ಟು ವರ್ಷಗಳಲ್ಲಿ ಎಷ್ಟೋ ದೊಡ್ಡವರು ಉಗುಳು ಸಿಡಿಸಿ ಹೋಗಿದ್ದ ಮೈಕು ಅದು. ಒರೆಸಿ ಕೊಟ್ಟವರು ಯಾರೂ ಇರಲಿಲ್ಲ. ಮೈಕಕ್ಕ ಅದನ್ನು ತೆಗೆದು ಮೇಜಿನ ಮೇಲಿಟ್ಟಳು.

"ನಿನ್ನ ಗಂಟಲಿಗೆ ಏನೂ ಆಗಿಲ್ಲ," ಎಂದಳು. "ನಾನೇ ಇಳಿಸಿದ್ದು."

ಹುಡುಗಿಗೆ ಅರ್ಥವಾಗಲಿಲ್ಲ. ಮೈಕಕ್ಕ ಗುಂಡಿಯನ್ನು ತೋರಿಸಿದಳು, ಕನ್ನಡಕದ ವಿಷಯ ಹೇಳಿದಳು. ಹುಡುಗಿ ಗುಂಡಿಯನ್ನು ತಾನೇ ಒಮ್ಮೆ ಮೇಲೆ ಕೆಳಗೆ ಜಾರಿಸಿ ನೋಡಿದಳು.

"ಹೋದ ವರ್ಷ ಹಾಸ್ಟೆಲ್ ವಿಷಯ ಕೇಳಿದ್ರಲ್ಲ, ಆ ಉದ್ದದ ಅಣ್ಣ? ಆಮೇಲೆ ಅವರು ಯಾವ ಸಭೇಲೂ ಬಾಯಿ ಬಿಡಲಿಲ್ಲ. ನನಗೆ ಮಾತಾಡೋಕೆ ಬರಲ್ಲ ಕಣೇ ಅಂತಿದ್ರು."

"ಅವನದ್ದೂ ನಾನೇ."

ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು, ಕಾಲಡಿ ಹೊಲಸು ಕಂಡವರ ಹಾಗೆ. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

"ಹನ್ನೊಂದು ಬಾವಿ ಕೆಟ್ಟಿವೆ ಅಕ್ಕ. ಅಲ್ಲಿನ ಮನೆಗಳವರು ಇವತ್ತೂ ಅದನ್ನೇ ಕುಡೀತಿದ್ದಾರೆ. ನನ್ನ ಗೈಡು ಮುಖ್ಯಸ್ಥರೇ. ಬಾಯಿ ಬಿಟ್ಟರೆ ನನ್ನ ಪ್ರಬಂಧಕ್ಕೆ ಸಹಿ ಬೀಳಲ್ಲ, ಗೊತ್ತು. ಎರಡನೇ ಗೋಷ್ಠೀಲಿ ಮತ್ತೆ ಕೇಳ್ತೀನಿ. ನೀವೇನು ಮಾಡ್ತೀರಿ?"

ಮೈಕಕ್ಕ ಕೈತೊಳೆಯುವಲ್ಲಿಗೆ ಹೋಗಿ ಸೋಪು ಹಾಕಿ ಬೆರಳುಗಳನ್ನು ತಿಕ್ಕಿದಳು. ಪಕ್ಕದಲ್ಲಿ ವಿಭಾಗದ ಇಬ್ಬರು ಅಧ್ಯಾಪಕಿಯರು ಕನ್ನಡಿ ನೋಡುತ್ತ, ಅತಿಥಿಗೆ ಕೊಡುವ ಶಾಲಿನ ಬಣ್ಣದ ಬಗ್ಗೆ ಚರ್ಚಿಸುತ್ತಿದ್ದರು. ಅವಳು ಇನ್ನೊಮ್ಮೆ ಸೋಪು ತೆಗೆದುಕೊಂಡಳು.

ಎರಡನೇ ಗೋಷ್ಠಿಯ ಕೊನೆಯಲ್ಲಿ ಹುಡುಗಿ ಎದ್ದಳು. ಈ ಸಲ ಕೈಯಲ್ಲಿ ದಾಖಲೆ ಪುಸ್ತಕ ತೆರೆದಿತ್ತು. ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿದರು. ಗಾಜಿನ ಕೋಣೆಯ ಕಡೆ ನೋಡಿದರು, ಅಂಗಿಯ ತುದಿ ಎಳೆದುಕೊಂಡು ಮತ್ತೆ ಒರೆಸಿದರು. ಇನ್ನೂ ಸ್ವಲ್ಪ ಹೊತ್ತು ಹೋಗಿದ್ದರೆ ಗಾಜೇ ಸವೆದುಹೋಗುತ್ತಿತ್ತೇನೋ. ಮೈಕಕ್ಕ ಎರಡೂ ಅಂಗೈಗಳನ್ನು ತೊಡೆಯಡಿ ಹಾಕಿಕೊಂಡು ಕುಳಿತಿದ್ದಳು.

ಹುಡುಗಿಯ ದನಿ ನಡುಗುತ್ತಿತ್ತು, ಆದರೆ ಇಡೀ ಸಭಾಂಗಣಕ್ಕೆ ಕೇಳುತ್ತಿತ್ತು. ಅವಳು ಒಂದೊಂದು ಬಾವಿಯನ್ನೂ ಓದಿದಳು: ಯಾವ ಬೀದಿ, ಯಾವ ತಿಂಗಳು, ಎಷ್ಟು ಮನೆಗಳು. ಏಳನೆಯದಕ್ಕೆ ಬರುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಮೊಬೈಲು ನೋಡುತ್ತಿದ್ದವರೂ ತಲೆಯೆತ್ತಿದ್ದರು.

"ನನಗೆ ಕಳಿಸಿದ ಪಟ್ಟಿಯಲ್ಲಿ ಇವು ಇರಲಿಲ್ಲವಲ್ಲ," ಎಂದು ಅತಿಥಿ ಮುಖ್ಯಸ್ಥರತ್ತ ತಿರುಗಿದರು.

ಮುಖ್ಯಸ್ಥರು ತಮ್ಮ ಮೈಕಿಗೆ ಬಾಗಿ, "ಕ್ಷಮಿಸಿ, ಮೈಕಿನ ತೊಂದರೆಯಿಂದಾಗಿ ಏನೂ ಸರಿಯಾಗಿ ಕೇಳ್ತಾ ಇಲ್ಲ," ಎಂದರು. ಆ ಮಾತು ಸಭಾಂಗಣದ ಮೂಲೆಮೂಲೆಗೂ ಖಣಿಲ್ಲನೆ ಕೇಳಿಸಿತು. ವಿದ್ಯಾರ್ಥಿಗಳು ಹೋ ಎಂದು ನಕ್ಕರು.

ಎಲ್ಲರೂ ಊಟಕ್ಕೆ ಹೋದ ಮೇಲೆ ಗುಮಾಸ್ತ ಬಂದ. ಈಗ ಅವನು ಕಣ್ಣು ಮಿಟುಕಿಸಲಿಲ್ಲ.

"ಕೋಣೆ ಬೀಗದ ಕೈ ಕೊಡಬೇಕಂತೆ ಮೈಕಕ್ಕ. ನಾಳೆಯಿಂದ ಬರೋದು ಬೇಡವಂತೆ."

ಅವಳು ಕೊಟ್ಟಳು. "ಆ ಹುಡುಗಿದು?"

"ಗೈಡ್ ಬದಲಾಯಿಸ್ಕೋ ಅಂದಿದ್ದಾರೆ. ಬೇರೆ ಯಾರು ತಗೋತಾರೆ ಹೇಳಿ." ಅವನು ನೆಲ ನೋಡಿದ. "ಇನ್ನೊಂದು ಏನಂದ್ರೆ... ಊಟದ ಪಟ್ಟಿಯಿಂದ ನಿಮ್ಮಿಬ್ಬರನ್ನ ತೆಗೆಸಿದ್ದಾರೆ. ನನ್ನ ಕೈಯಲ್ಲೇ ಗೀಟು ಹಾಕಿಸಿದ್ರು."

"ಥೂ," ಎಂದಳು ಅವಳು. "ಅನ್ನದ ಮೇಲೂ ಸೇಡು."

ಹೊರಗೆ ಮೆಟ್ಟಿಲ ಮೇಲೆ ಹುಡುಗಿ ಕುಳಿತಿದ್ದಳು. ಮೂವರು ವಿದ್ಯಾರ್ಥಿಗಳು ಅವಳ ಪುಸ್ತಕದ ಪುಟಗಳ ಫೋಟೊ ತೆಗೆದುಕೊಂಡು ಹೋದರು. ಇನ್ನೊಬ್ಬ ಅಲ್ಲಿಯೇ ನಿಂತು, ಆ ಬೀದಿಯಲ್ಲಿ ನಮ್ಮ ಅತ್ತೆ ಇದ್ದಾರೆ ಎನ್ನುತ್ತ ಫೋನು ಹಚ್ಚಿದ. ಮೈಕಕ್ಕ ಒಂದು ಮೆಟ್ಟಿಲು ಕೆಳಗೆ, ಸ್ವಲ್ಪ ದೂರ ಬಿಟ್ಟು ಕುಳಿತಳು. ಹುಡುಗಿ ಅವಳ ಕಡೆ ತಿರುಗಲಿಲ್ಲ, ಎದ್ದು ಹೋಗಲೂ ಇಲ್ಲ.

"ಆ ಉದ್ದದ ಹುಡುಗನ ನಂಬರ್ ಇದೆಯಾ ನಿನ್ನ ಹತ್ತಿರ?" ಮೈಕಕ್ಕ ಕೇಳಿದಳು. "ಅವನಿಗೂ ಹೇಳಬೇಕು."

ಹುಡುಗಿ ತಡೆದು ತಡೆದು ನಂಬರು ಹೇಳಿದಳು. ಮೈಕಕ್ಕ ತನ್ನ ಫೋನಿನಲ್ಲಿ ಒತ್ತಿಕೊಂಡಳು.

ಊಟದ ಕೋಣೆಯಿಂದ ತಟ್ಟೆಗಳ ಸದ್ದು, ಯಾರದೋ ದೊಡ್ಡ ನಗು ಬರುತ್ತಿದ್ದವು. ಗುಮಾಸ್ತ ಕಚೇರಿಯ ಪಕ್ಕದ ಬಾಗಿಲಿನಿಂದ ಹೊರಬಂದ. ಕಡತ ಸಾಗಿಸುವವನಂತೆ ಆಚೀಚೆ ನೋಡದೆ ನಡೆದು ಬಂದು, ಕಂಕುಳಲ್ಲಿದ್ದ ತನ್ನ ಮನೆಯ ಬುತ್ತಿಯ ಡಬ್ಬಿಯನ್ನು ಹುಡುಗಿಯ ಕೈಗಿತ್ತು, ಮುಚ್ಚಳ ಬಿಗಿಯೆಂದು ತಾನೇ ಸ್ವಲ್ಪ ಸಡಿಲಿಸಿಕೊಟ್ಟು ಒಳಗೆ ಹೋದ.