ಎಣಿಸಿ ಮುಗಿಯುವವರೆಗೆ

ಒದ್ದೆ ಬಟ್ಟೆಯ ತುದಿಯನ್ನು ಕಡ್ಡಿಗೆ ಸುತ್ತಿಕೊಂಡು ಮಗಳು ಜಗುಲಿಯಲ್ಲಿ ಮಲಗಿಸಿದ್ದ ತಾಯಿಯ ಉಗುರುಸಂದಿಯಿಂದ ಸೀಮೆಸುಣ್ಣ ತೆಗೆಯುತ್ತಿದ್ದಳು. ತೋರುಬೆರಳಿನದು ಹೋಯಿತು. ಹೆಬ್ಬೆರಳಿನದು ಮಾತ್ರ ಜಪ್ಪಯ್ಯ ಅಂದರೂ ಬಿಡಲಿಲ್ಲ.

"ಸಾಕು ಬಿಡೇ," ಎಂದಳು ಪಕ್ಕದಲ್ಲಿ ಕೂತಿದ್ದ ಚಿಕ್ಕಮ್ಮ. "ನನ್ನ ಮದುವೆ ಫೋಟೋ ನೋಡು ಬೇಕಾದ್ರೆ. ಸೀರೆ ಮೇಲೆ ಅಕ್ಕನ ಐದು ಬೆರಳೂ ಬೆಳ್ಳಗೆ ಮೂಡಿವೆ. ಅದು ಅವಳ ಮೈಬಣ್ಣವೇ ಆಗಿಹೋಗಿತ್ತು."

ಮಗಳು ಬಿಡಲಿಲ್ಲ. ಕೈ ಕೆಲಸ ಮಾಡುತ್ತಿದ್ದರೆ ತಲೆ ಸುಮ್ಮನಿರುತ್ತದೆ. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಎಷ್ಟೋ ವರ್ಷ ದುಡಿದವಳು ಅವಳು. ಸಾವಿನ ಅಂಚಿನಲ್ಲಿದ್ದವರ ಅಂಕಿಅಂಶಗಳನ್ನು ಅವರ ಮನೆಯವರಿಗಿಂತ ಮೊದಲೇ ಓದಿದವಳು. ಆದರೆ ನಿನ್ನೆ ಬೆಳಿಗ್ಗೆ ಇದೇ ಕೈ ಅವಳ ಡಬ್ಬಿಯ ಮುಚ್ಚಳ ಒತ್ತಿ, "ಮಧ್ಯಾಹ್ನವೇ ತಿನ್ನು, ಸಂಜೆ ವಾಪಸ್ ತರಬೇಡ" ಎಂದಿತ್ತು. ಆ ಡಬ್ಬಿ ಇನ್ನೂ ಅವಳ ಚೀಲದಲ್ಲೇ ಇದೆ, ತೆರೆದಿಲ್ಲ. ನಡುವೆ ಏನಾಯಿತೆಂಬುದು ಅವಳಿಗೆ ಅರ್ಥವಾಗಿರಲಿಲ್ಲ. ಶಾಲೆಯಲ್ಲಿ ಕುಸಿದರು, ಅಷ್ಟೇ ಫೋನಿನಲ್ಲಿ ಹೇಳಿದ್ದು.

ಅರ್ಥವಾಗಿಸಿದವರು ಹೆಡ್‌ಮಿಸ್. ಮನೆಯ ಮುಂದಿನ ಮಣ್ಣಿನಂಗಳದಲ್ಲಿ ಧೂಳು ಅಡಗಲೆಂದು ಯಾರೋ ನೀರು ಚಿಮುಕಿಸುತ್ತಿದ್ದಾಗ ಅವರು ಬಂದರು, ಮಗಳನ್ನು ಒಳಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಓರೆ ಮಾಡಿದರು.

ಸ್ತಂಭಾಲೇಖದ, ಅಂದರೆ ಬಾರ್ ಗ್ರಾಫಿನ, ಪಾಠವಾಗಿತ್ತಂತೆ. ತಾಯಿ ಅದನ್ನು ಎಂದೂ ಹಲಗೆಯ ಮೇಲೆ ಶುರು ಮಾಡಿದವಳಲ್ಲ. ಶಾಲೆಯ ಅಂಗಳದಲ್ಲಿ ಉದ್ದಕ್ಕೊಂದು ಗೆರೆ ಎಳೆದು, ಪ್ರಶ್ನೆ ಕೇಳಿ, ಉತ್ತರಕ್ಕೆ ತಕ್ಕಂತೆ ಮಕ್ಕಳನ್ನು ಒಬ್ಬರ ಹಿಂದೊಬ್ಬರಂತೆ ನಿಲ್ಲಿಸುತ್ತಿದ್ದಳು. ಮಕ್ಕಳೇ ಕಂಬಗಳು. ಊರೆಲ್ಲ ಅವಳನ್ನು ಸಾಲು ಟೀಚರ್ ಎನ್ನುತ್ತಿದ್ದದ್ದು ಅದಕ್ಕೇ. ನಿನ್ನೆಯ ಪ್ರಶ್ನೆ: ಬೆಳಿಗ್ಗೆ ನಿಮ್ಮನ್ನು ಯಾರು ಎಬ್ಬಿಸುತ್ತಾರೆ? ಅಮ್ಮ ಎಂದವರದು ಉದ್ದನೆಯ ಸಾಲು. ಅಪ್ಪನದು ಒಂದು, ಅಜ್ಜಿಯದು ಒಂದು. ಯಾರೂ ಇಲ್ಲ, ನಾನೇ ಏಳ್ತೀನಿ ಎಂದು ಕೊನೆಯಲ್ಲಿ ಒಂಟಿಯಾಗಿ ನಿಂತವಳು ಒಬ್ಬಳೇ ಹುಡುಗಿ.

"ಎಣಿಸಿ ಮುಗಿಯೋವರೆಗೂ ಯಾರೂ ಅಲ್ಲಾಡಬಾರದು ಅಂತ ಅವರ ನಿಯಮ ಇತ್ತಲ್ಲಮ್ಮ..." ಹೆಡ್‌ಮಿಸ್ ಕಿಟಕಿಯತ್ತ ತಿರುಗಿದರು. "ಎಣಿಸೋಕೆ ಶುರು ಮಾಡಿ, ಹೋಗಿ ಮೆಟ್ಟಿಲ ಮೇಲೆ ಕೂತಿದ್ದಾರೆ, ಕಂಬಕ್ಕೆ ಒರಗಿ. ಕಣ್ಣು ತೆರೆದೇ ಇತ್ತು. ಕೂತಲ್ಲಿಂದಲೇ ಎಣಿಸ್ತಿದ್ದಾರೆ ಅಂತ ಮಕ್ಕಳು ತಿಳಿದಿವೆ. ಗಂಟೆ ಹೊಡೀತು. ಆಗಲೂ ನಿಂತೇ ಇದ್ವು, ಬಿಸಿಲಲ್ಲಿ. ಇನ್ನೂ ಯಾಕೆ ಒಳಗೆ ಬಂದಿಲ್ಲ ಅಂತ ನಾನು ಗದರೋಕೆ ಹೊರಗೆ ಬಂದೆ."

ಮಗಳ ಕೈಯಲ್ಲಿದ್ದ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಗಂಟೆ ಹೊಡೆಯುವವರೆಗೆ. ತಾಯಿ ಅಲ್ಲಿ ಕೂತಿದ್ದಳು, ತರಗತಿಗೆ ತರಗತಿಯೇ ಎದುರಿಗೆ ನಿಂತು ಅವಳನ್ನೇ ನೋಡುತ್ತಿತ್ತು.

"ಒಂದು ಮಗುವೂ? ಒಂದೇ ಒಂದು ಮಗುವೂ ಅಲ್ಲಾಡಲಿಲ್ವಾ?"

ಹೆಡ್‌ಮಿಸ್ ತಲೆ ತಗ್ಗಿಸಿದರು. ಮಕ್ಕಳು ಗೇಟಿನ ಹೊರಗೆ ನಿಂತಿದ್ದಾರೆ, ಕೊನೆಯದಾಗಿ ನೋಡಬೇಕಂತೆ ಎಂದು ಮೆಲ್ಲಗೆ ಹೇಳಿದರು.

"ಅವರನ್ನ ಒಳಗೆ ಬಿಡಬೇಡಿ," ಎಂದಳು ಮಗಳು. ತನ್ನ ದನಿ ಅವಳಿಗೇ ಅಪರಿಚಿತವಾಗಿ ಕೇಳಿಸಿತು.

*

ಅವಳು ಆ ಮಕ್ಕಳಷ್ಟೇ ಇದ್ದಾಗ ತಾಯಿ ಒಮ್ಮೆ ಹೊಲಿಗೆ ಡಬ್ಬಿಯನ್ನು ಹಾಸಿಗೆಯ ಮೇಲೆ ಸುರಿದು, ಗುಂಡಿಗಳನ್ನು ಗೆರೆ ಎಳೆದ ಹಾಳೆಯ ಮೇಲೆ ಬಣ್ಣದ ಪ್ರಕಾರ ಸಾಲಾಗಿ ಅಂಟಿಸು ಎಂದಿದ್ದಳು. ಬಿಳಿ, ನೀಲಿ, ಕಂದು ಗುಂಡಿಗಳು ಬೇಕಾದಷ್ಟಿದ್ದವು. ಕಪ್ಪು ಒಂದೇ ಒಂದು. ಪಾಪ ಅನಿಸಿ ಅವಳು ಕಪ್ಪನ್ನು ಹಾಳೆಯ ತುತ್ತತುದಿಗೆ ಅಂಟಿಸಿಬಿಟ್ಟಳು, ಎಲ್ಲಕ್ಕಿಂತ ಎತ್ತರದಲ್ಲಿ.

ತಾಯಿ ಬಿದ್ದುಬಿದ್ದು ನಕ್ಕಳು. "ಇದನ್ನ ಅಟ್ಟ ಹತ್ತಿಸಿದೆಯಲ್ಲೇ!" ಎಂದಳು. ಆಮೇಲೆ ಗುಂಡಿಯನ್ನು ಬಿಡಿಸಿ ಕೆಳಗಿನ ಗೆರೆಗೆ ತಂದಳು. "ಎಲ್ಲರೂ ಒಂದೇ ನೆಲದಿಂದ ಏಳಬೇಕು. ಮೇಲೆತ್ತಿದ ಮಾತ್ರಕ್ಕೆ ಒಂದು ಎರಡಾಗಲ್ಲ. ಅಷ್ಟು ಪಾಪ ಅನಿಸಿದ್ರೆ ಎಣಿಸೋವಾಗ ಅದರಿಂದ ಶುರು ಮಾಡು."

ಹಾಳೆ ಮುಗಿದ ಮೇಲೆ ತಾಯಿಯ ಎರಡು ಪ್ರಶ್ನೆಗಳು ತಪ್ಪುತ್ತಿರಲಿಲ್ಲ. ಈ ಚಿತ್ರ ಏನು ಹೇಳುತ್ತೆ? ಏನು ಹೇಳಲ್ಲ? ಎರಡನೆಯದಕ್ಕೆ ಮಗಳು ಯಾವಾಗಲೂ ತಡವರಿಸುತ್ತಿದ್ದಳು.

*

ಬಟ್ಟೆ ಹಿಂಡಲೆಂದು ಅವಳು ಅಡುಗೆಮನೆಗೆ ಹೋದಾಗ ಹಿತ್ತಿಲ ಬಾಗಿಲಲ್ಲಿ ಒಂದು ಹುಡುಗಿ ನಿಂತಿತ್ತು. ಎರಡು ಜಡೆಗಳಲ್ಲಿ ಒಂದು ಕಿವಿಯ ಮೇಲೆ, ಇನ್ನೊಂದು ಕಿವಿಯ ಕೆಳಗೆ. ತಾನೇ ಹಾಕಿಕೊಂಡ ಜಡೆಗಳು. ತಾಯಿ ಊಟದ ಹೊತ್ತಿನಲ್ಲಿ ಎಷ್ಟೋ ಸಲ ಹೇಳುತ್ತಿದ್ದ ಗುಬ್ಬಿ ಇವಳೇ ಇರಬೇಕು. ಗುಬ್ಬಿಯ ಅಮ್ಮ ರಾತ್ರಿಪಾಳಿ ಮುಗಿಸಿ ಬರುವಷ್ಟರಲ್ಲಿ ಗುಬ್ಬಿ ಎದ್ದು ಶಾಲೆಗೆ ಹೊರಟಿರುತ್ತಾಳೆ.

"ಆಂಟಿ, ನನ್ನದು ಎಣಿಸಿ ಆಗಿತ್ತು," ಎಂದಿತು ಹುಡುಗಿ.

ಮಗಳಿಗೆ ತಿಳಿಯಲಿಲ್ಲ.

"ಟೀಚರ್ ನನ್ನ ತಲೆ ಮುಟ್ಟಿ ಒಂದು ಅಂದ್ರು. ಆಮೇಲೆ ಹೋಗಿ ಕೂತ್ರು. ಬೇರೆ ಯಾರದ್ದೂ ಆಗಿರಲಿಲ್ಲ, ಅವರು ಅಲ್ಲಾಡೋ ಹಾಗಿರಲಿಲ್ಲ. ನನ್ನದು ಆಗಿತ್ತು." ಅದರ ಕಣ್ಣಲ್ಲಿ ನೀರಿರಲಿಲ್ಲ. ಹೋಮ್‌ವರ್ಕ್ ತಪ್ಪಾಗಿದೆ ಎಂದು ಒಪ್ಪಿಸುವ ಹಾಗೆ ನೆಟ್ಟಗೆ ನಿಂತಿತ್ತು. "ನಾನು ಅಲ್ಲಾಡಬಹುದಿತ್ತಾ ಆಂಟಿ?"

ಹೌದು ಎಂಬುದು ಮಗಳ ನಾಲಿಗೆಯ ತುದಿಗೆ ಬಂದು ನಿಂತಿತು. ಹೆಡ್‌ಮಿಸ್ ಹೇಳಿದಾಗಿನಿಂದ ಹೊರಹೋಗಲು ದಾರಿ ಹುಡುಕುತ್ತಿದ್ದ ಮಾತು ಅದು. ಬೇಗ ಸಿಕ್ಕಿದ್ದರೆ ಉಳಿಯುತ್ತಿದ್ದರೇ ಎಂದು ಅವಳು ಆಗಲೇ ಡಾಕ್ಟರಿಗೆ ಫೋನ್ ಮಾಡಿ ಕೇಳಿದ್ದಳು. ಕೂತ ಕೂಡಲೇ ಹೋಗಿರಬಹುದು, ಹೋಗದೇ ಇದ್ದಿರಲೂಬಹುದು, ಹೇಳೋಕಾಗಲ್ಲ ಎಂದಿದ್ದರು. ಅವಳು ನಲ್ಲಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕೆಳಗಿನ ಜಡೆಯ ರಿಬ್ಬನ್ ಬಿಚ್ಚಿಕೊಂಡು ನೇತಾಡುತ್ತಿತ್ತು.

"ಟೀಚರ್ ಎರಡು ಪ್ರಶ್ನೆ ಕೇಳ್ತಿದ್ರಲ್ಲ," ಎಂದಳು ಕೊನೆಗೆ.

"ಏನು ಹೇಳುತ್ತೆ, ಏನು ಹೇಳಲ್ಲ."

"ನೀನು ಅಲ್ಲಾಡಿದ್ರೆ ಏನಾಗ್ತಿತ್ತು ಅಂತ ನಿನ್ನೆ ನಿಂತ ಸಾಲು ಹೇಳುತ್ತಾ?"

ಗುಬ್ಬಿ ಅಡ್ಡಡ್ಡ ತಲೆಯಾಡಿಸಿತು. "ಹೇಳಲ್ಲ."

"ಡಾಕ್ಟರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮತ್ತೆ ಅದು ಏನು ಹೇಳುತ್ತೆ?"

"ಟೀಚರ್ ಹೇಳಿದ ಹಾಗೆ ಎಲ್ಲರೂ ಕೇಳಿದ್ವಿ ಅಂತ."

ಮಗಳು ಮೊಣಕಾಲೂರಿ ರಿಬ್ಬನ್ ಕಟ್ಟಿದಳು. ಗಂಟು ಎರಡು ಸಲ ಜಾರಿತು.

"ನಡಿ," ಎಂದಳು. "ಎಣಿಕೆ ಮುಗಿದಿಲ್ಲ."

ಗೇಟು ತೆರೆದಾಗ ಯಾರೂ ಮಕ್ಕಳಿಗೆ ಏನೂ ಹೇಳಬೇಕಾಗಲಿಲ್ಲ. ಮಗಳು ಚಪ್ಪಲಿಯ ತುದಿಯಿಂದ ಒದ್ದೆ ಅಂಗಳದಲ್ಲಿ ಒಂದು ಗೆರೆ ಎಳೆದಳು. ಅಷ್ಟೇ ಸಾಕಾಯಿತು. ಅಮ್ಮನ ಸಾಲಿನವರು, ಅಪ್ಪನ ಸಾಲಿನವರು, ಅಜ್ಜಿಯ ಸಾಲಿನವರು ಸದ್ದಿಲ್ಲದೆ ತಂತಮ್ಮ ಜಾಗ ಹಿಡಿದರು. ಗುಬ್ಬಿ ಹೋಗಿ ಕೊನೆಯಲ್ಲಿ ಒಬ್ಬಳೇ ನಿಂತಳು. ಕುರ್ಚಿಗಳಲ್ಲಿ ಕೂತಿದ್ದ ದೊಡ್ಡವರು ಮುಖ ಮುಖ ನೋಡಿಕೊಂಡರು. ಇದೇನು ಹೆಣ ಇಟ್ಟುಕೊಂಡು ಆಟ ಎಂದು ಯಾರೋ ಗೊಣಗಿದರು. ಚಿಕ್ಕಮ್ಮ ಅತ್ತ ತಿರುಗಿ ನೋಡಿದ ನೋಟಕ್ಕೆ ಗೊಣಗಾಟ ಅಲ್ಲೇ ನಿಂತಿತು.

ಮಗಳು ಗುಬ್ಬಿಯ ತಲೆ ಮುಟ್ಟಿದಳು. "ಒಂದು."

ಆಮೇಲೆ ಅಜ್ಜಿಯ ಸಾಲು, ಅಪ್ಪನ ಸಾಲು, ಅಮ್ಮನ ಸಾಲು. ಕೆಲವು ತಲೆಗಳು ಎಣ್ಣೆಯಿಂದ ಜಿಡ್ಡಾಗಿದ್ದವು, ಕೆಲವು ಬಿಸಿಲಿಗೆ ಕಾದಿದ್ದವು. ನಡುವೆ ಒಂದು ಕಡೆ ಲೆಕ್ಕ ತಪ್ಪಿತು. ತಪ್ಪಿದ್ದನ್ನು ಸಾಲಿನ ಹುಡುಗನೇ ಮೆಲ್ಲಗೆ ಎತ್ತಿಕೊಟ್ಟ. ಕೊನೆಯವನ ತಲೆಯ ಮೇಲೆ ಅವಳ ಕೈ ಸ್ವಲ್ಪ ಹೆಚ್ಚೇ ಹೊತ್ತು ಉಳಿಯಿತು.

"ಆಯ್ತು. ಇನ್ನು ಅಲ್ಲಾಡಬಹುದು."

ಯಾರೂ ಅಲುಗಲಿಲ್ಲ. ಆಮೇಲೆ ಉದ್ದನೆಯ ಸಾಲಿನಲ್ಲಿ ಒಂದು ಮಗು ಬಿಕ್ಕಿತು, ಎಲ್ಲ ಸಾಲುಗಳೂ ಒಮ್ಮೆಲೇ ಒಡೆದು ಜಗುಲಿಯತ್ತ, ಟೀಚರತ್ತ ಓಡಿದವು.

ಹೊರಡುವ ಹೊತ್ತಾದಾಗ ಹೊರುವವರು ಅಂಗಳಕ್ಕಿಳಿದು ಥಟ್ಟನೆ ನಿಂತರು. ಒದ್ದೆ ಮಣ್ಣಿನಲ್ಲಿ, ಒಂದೇ ಗೆರೆಯಿಂದ ಹೊರಟು, ಪುಟ್ಟ ಹೆಜ್ಜೆಗಳ ನಾಲ್ಕು ಸಾಲು ಮೂಡಿದ್ದವು: ಒಂದು ಉದ್ದ, ಎರಡು ಗಿಡ್ಡ, ತುದಿಯಲ್ಲಿ ಒಂದೇ ಜೊತೆ. ಮುಂದಿದ್ದವನು ಹೆಗಲು ಸರಿಮಾಡಿಕೊಂಡು ಹಿಂದಿನವರಿಗೆ ಕಣ್ಸನ್ನೆ ಮಾಡಿದ. ಅವರು ಬೇಲಿಗೆ ಮೈ ಉಜ್ಜಿಕೊಂಡು, ಸುತ್ತು ಬಳಸಿ, ಅವಳನ್ನು ಗೇಟಿನವರೆಗೆ ಕೊಂಡೊಯ್ದರು.