ರೊಟ್ಟಿಯ ತಳದ ರೆಕ್ಕೆ

ದಿಕ್ಕಿಲ್ಲದವರನ್ನು ಸಾಕುವ ಹೊಣೆ ಅವರ ಅಪ್ಪನ ಊರಿನದು ಎಂಬುದು ಆಗಿನ ಕಾನೂನು. ಅದಕ್ಕೇ ಮ್ಯಾಸಚೂಸೆಟ್ಸಿನ ಆ ಹಳ್ಳಿಗಳಲ್ಲಿ ಬಡವರ ವಂಶವನ್ನು ಕೆದಕಿದಷ್ಟು ಮುತುವರ್ಜಿಯಿಂದ ಸಿರಿವಂತರದ್ದನ್ನು ಯಾರೂ ಕೆದಕುತ್ತಿರಲಿಲ್ಲ. ಗಂಡ ಸತ್ತ ಮೆಹಿಟಬಲಳನ್ನು ಕಾನ್‌ಸ್ಟೇಬಲ್ ಗರ್ನಿ ಹಿಮಗಾಡಿಯಲ್ಲಿ ಹೇರಿಕೊಂಡು ಆಗಲೇ ಎರಡು ಊರು ಸುತ್ತಿದ್ದ. ಎರಡರಲ್ಲೂ ನಮ್ಮವಳಲ್ಲ ಎಂದು ಅಟ್ಟಿದ್ದರು. ಉಳಿದದ್ದು ಅವಳು ಹುಟ್ಟಿದ ಡನ್‌ಬರೋ. ಅಲ್ಲಿನ ಚರ್ಚಿಗೆ ಬೆಂಕಿ ಬಿದ್ದು ಹಳೆಯ ದಾಖಲೆಯೆಲ್ಲ ಬೂದಿಯಾಗಿತ್ತು.

"ಅಪ್ಪನ ಸಮಾಧಿಕಲ್ಲಿದೆ," ಎಂದು ಅವಳು ದಾರಿಯುದ್ದಕ್ಕೂ ಗರ್ನಿಗೆ ಗುರುತು ಸಮೇತ ಹೇಳುತ್ತಲೇ ಬಂದಳು. ಹೆಸರಿನ ಮೇಲೆ, ಅಲ್ಲಿನ ಸಮಾಧಿಗಳ ರೂಢಿಯಂತೆ, ರೆಕ್ಕೆಯ ತಲೆಬುರುಡೆ. ಕೆತ್ತುವಾಗ ಚಕ್ಕೆ ಎದ್ದು ಒಂದು ರೆಕ್ಕೆ ಮೋಟಾಗಿತ್ತು. ಚಿಕ್ಕವಳಿದ್ದಾಗ ಆ ಬುರುಡೆಯ ಹಲ್ಲಿನ ಸಂದಿಗೆ ಬೆರಳಿಟ್ಟು ಆಡಿದ್ದಳು.

ಸ್ಮಶಾನದಲ್ಲಿ ಕಲ್ಲಿರಲಿಲ್ಲ.

"ಎಲ್ಲಿ ಮುದ್ಕಿ ನಿಮ್ಮಪ್ಪ? ಎದ್ದು ದನ ಕಾಯೋಕೆ ಹೋದ್ನಾ?" ಎಂದ ಗರ್ನಿ.

ಅವಳ ತಮ್ಮ ಜೇಬೆಜ್ ಊರಿನಲ್ಲೇ ಇದ್ದ, ಚರ್ಚಿನಲ್ಲಿ ಮುಂದಿನ ಸಾಲಿನವನು. ಗರ್ನಿ ಅವಳನ್ನು ಅವನ ಮನೆಗೆ ಕರೆದೊಯ್ದ. ಅವಳನ್ನು ಪರಊರಿಗೆ ಜೀತಕ್ಕೆ ಕಳಿಸಿದಾಗ ಅವನಿನ್ನೂ ತೊಟ್ಟಿಲ ಕೂಸು.

"ಅಕ್ಕ ಒಬ್ಳಿದ್ಲು ಅಂತ ಅಮ್ಮ ಹೇಳ್ತಿದ್ಲು," ಎಂದ ಅವನು ಗರ್ನಿಗೆ. "ಸತ್ತೋದ್ಲು ಅಂತಾನೂ ಹೇಳ್ತಿದ್ಲು."

ಅವನ ಹೆಂಡತಿ ಹುಲ್ಡಾ ಮರ್ಯಾದೆಗೆಂದು ಗೂಡೊಲೆಯಿಂದ ಆಗಷ್ಟೇ ತೆಗೆದ ದಪ್ಪ ರೊಟ್ಟಿ ತಂದಿಟ್ಟಳು. ಮೆಹಿಟಬಲ್ ಹಸಿದಿದ್ದಳು. ಕೈಗೆತ್ತಿಕೊಂಡವಳ ಬೆರಳಿಗೆ ರೊಟ್ಟಿಯ ತಳದಲ್ಲಿ ಹಲ್ಲುಗಳು ತಾಗಿದವು. ಮಗುಚಿದಳು. ಬುರುಡೆ, ಮೋಟು ರೆಕ್ಕೆ, ತಿರುಗುಮುರುಗಾದ ಅಕ್ಷರ.

ಗರ್ನಿ ಹೊಟ್ಟೆ ಹಿಡಿದು ನಕ್ಕ. "ಯಜಮಾನ್ರೇ, ಹೆತ್ತಪ್ಪನ ಕಲ್ಲನ್ನೇ ಒಲೆಗೆ ಹಾಸ್ಬಿಟ್ಟಿದೀರಲ್ಲ! ಊರ ಹಿರಿಯರನ್ನ ಕರ್ಕೊಂಡ್ ಬರ್ತೀನಿ, ಇಲ್ಲೇ ಇರಿ."

ಅವನು ಹೊಸಿಲು ದಾಟಿದ್ದೇ ಜೇಬೆಜ್ ಅವಳ ಕಾಲ ಬಳಿ ಕುಕ್ಕರಿಸಿದ. "ಅಕ್ಕಾ," ಎಂದ.

ಅವಳು ಅವನತ್ತ ಬಾಗಿದಳು.

"ಅಕ್ಕಾ, ಇದನ್ನ ನೋಡಿದ್ರೆ ನನ್ನನ್ನ ಚರ್ಚ್ ನಡುವೆ ನಿಲ್ಲಿಸಿ ಉಗೀತಾರೆ. ಗೂಡೊಳಗಿನ ಕಲ್ಲಿನ ಗುರುತು ಕೆರೆದುಬಿಡು. ಅವ್ರು ಬರ್ಲಿ, ಇವಳು ನನ್ನ ಅಕ್ಕ ಅಂತ ನನ್ನ ಬಾಯಿಂದ್ಲೇ ಹೇಳ್ತೀನಿ. ಕಲ್ಲು ಯಾಕೆ, ತಮ್ಮ ಇಲ್ವಾ ನಿಂಗೆ?"

"ನೀನೇ ಕೆರಿ."

"ನನ್ನ ತೋಳು ಒಳಗೆ ಹೋಗಲ್ಲಕ್ಕಾ. ನಿಂದು ಸಣ್ಣ."

ಹುಲ್ಡಾ ಅವಳ ಹೆಗಲಿಗೆ ಕಂಬಳಿ ಹೊದಿಸಿ, ಕೈಗೆ ಉಳಿ ಕೊಟ್ಟಳು. ರೊಟ್ಟಿಯನ್ನು ಬಿಸಿ ಹಾಲಿಗೆ ಮುರಿದು ಹಾಕಿದಳು. ಮೆಹಿಟಬಲ್ ತಿಂದಳು, ರೆಕ್ಕೆಯನ್ನೂ ಹಲ್ಲನ್ನೂ. ಆಮೇಲೆ ಆರದ ಗೂಡಿಗೆ ಭುಜದವರೆಗೂ ಕೈ ತೂರಿಸಿ ಕೆರೆಯತೊಡಗಿದಳು. ಮೊಣಕೈಯ ಚರ್ಮ ಬೊಬ್ಬೆ ಎದ್ದಿತು. ಅಪ್ಪನ ಹೆಸರು ಹೋಯಿತು, ಹಲ್ಲು ಹೋದವು. ಮೋಟು ರೆಕ್ಕೆಯನ್ನು ಕೊನೆಗೆ ಅಳಿಸಿದಳು.

ಹಿರಿಯರು ಬಂದು ದೀಪ ಹಿಡಿದು ಗೂಡಿನೊಳಗೆ ಇಣುಕಿದರು. ಬರೀ ಕಲ್ಲು.

"ನನ್ನ ಕಣ್ಣಾರೆ ನೋಡಿದೀನಿ!" ಎಂದು ಗರ್ನಿ ಕೂಗಿದ.

"ಹೊರೆ ಇಳಿಸೋಕೆ ನೀನು ಏನ್ ಬೇಕಾದ್ರೂ ನೋಡ್ತೀಯಪ್ಪ," ಎಂದರು ಒಬ್ಬರು.

"ಜೇಬೆಜ್, ಹೇಳೋ," ಎಂದಳು ಮೆಹಿಟಬಲ್.

"ಏನಂತ ಹೇಳ್ಲಿ ಅಜ್ಜಿ?" ಅವನು ಹಿರಿಯರತ್ತ ತಿರುಗಿದ. "ಪಾಪ, ಯಾರೋ ಏನೋ. ಚಳಿ ಅಂತ ಒಲೆ ಹತ್ರ ಕೂರಿಸಿದ್ವಿ. ಕೈ ಸುಟ್ಕೊಂಡ್ಳು."

ಗರ್ನಿ ಬೈಯುತ್ತ ಕುದುರೆಯನ್ನು ತಿರುಗಿಸಿದ. ಅವಳು ಗಾಡಿ ಹತ್ತುವಾಗ ಹುಲ್ಡಾ ಹಿಮದಲ್ಲೇ ಓಡೋಡಿ ಬಂದಳು. ಮೆಹಿಟಬಲ್ ಆಸೆಯಿಂದ ಮುಖ ಎತ್ತಿದಳು.

"ಕಂಬಳಿ," ಎಂದಳು ಹುಲ್ಡಾ, ಕೈ ಚಾಚಿ.